ಬಿಚ್ಚಹೋದಷ್ಟೂ ಬಿಗಿಯುವ ನಟ್ಟು

ಪ್ರಶ್ನೆ: ಸೆಂಟ್ರಿಫ್ಯೂಗಲ್ ಪಂಪನ್ನು ದುರಸ್ತಿಗೆ ಬಿಚ್ಚುವಾಗ ಇಂಪೆಲ್ಲರಿನ ನಟ್ಟು ಕೆಲವೊಮ್ಮೆ ಸಡಿಲವಾಗುವ ಬದಲು ಬಿಗಿಯಾಗುವುದೇಕೆ?

ಉತ್ತರ: ನೀರನ್ನು ಹೊರಕ್ಕೆ ಎಸೆಯುವ ರೆಕ್ಕೆಚಕ್ರವಾದ ಇಂಪೆಲ್ಲರನ್ನು ಶಾಫ್ಟಿನ ತುದಿಯಲ್ಲಿ ಹಿಡಿದಿಡುವ ನಟ್ಟು, ಪಂಪು ಚಾಲೂ ಆಗುವಾಗ ಜಡತ್ವದಿಂದಾಗಿ ಶಾಫ್ಟಿಗಿಂತ ಹಿಂದುಳಿಯಲು ಹವಣಿಸುವುದರಿಂದ, ಆ ಹಿಂದುಳಿಯುವಿಕೆಯೇ ಅದನ್ನು ಬಿಗಿಗೊಳಿಸುವಂತೆ ಥ್ರೆಡ್ಡಿನ, ಅಂದರೆ ತಿರುಪಿನ ಸುರುಳಿಯ, ದಿಕ್ಕನ್ನು ಆಯ್ದಿರುತ್ತಾರೆ. ಹೀಗಾಗಿ ನಟ್ಟಿನ ಕಡೆಯಿಂದ ನೋಡಿದಾಗ ಶಾಫ್ಟು ಗಡಿಯಾರದ ಮುಳ್ಳಿನಂತೆ ತಿರುಗುವ ಪಂಪುಗಳಲ್ಲಿ ಅದು ಎಂದಿನಂತೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ, ಬಲಕ್ಕೆ ತಿರುಗಿಸಿದರೆ ಸಡಿಲವಾಗುವ ಎಡಥ್ರೆಡ್ಡಾಗಿರುತ್ತದೆ. ನಟ್ಟಿಲ್ಲದೆ ಇಂಪೆಲ್ಲರನ್ನೇ ಶಾಫ್ಟಿಗೆ ತಿರುಪಿರುವ ಪಂಪುಗಳಲ್ಲಿ, ಮೂರು ಫೇಸಿನ ಮೋಟಾರಿನ ಎರಡು ತಂತಿಗಳು ಅದಲುಬದಲಾದರೆ, ಹಿಮ್ಮುಖ ಚಲನೆಯಿಂದ ಇಂಪೆಲ್ಲರು ಕಳಚಿ ಕವಚಕ್ಕೆ ಉಜ್ಜುವುದೂ ಉಂಟು. ಆದುದರಿಂದ ಸುತ್ತಿಗೆಗೆ ಕೈಹಾಕುವ ಮೊದಲು ಕವಚದ ಮೇಲೆ ಶಾಫ್ಟು ತಿರುಗುವ ದಿಕ್ಕನ್ನು ತೋರಿಸುವ ಬಾಣದ ಗುರುತನ್ನು ಹುಡುಕುವುದು ಲೇಸು. ನಟ್ಟು ಬಿಚ್ಚಿ ಇಂಪೆಲ್ಲರನ್ನು ತೆಗೆದರೆ, ಅದರ ಹಿಂದೆ ಶಾಫ್ಟಿನ ಗುಂಟ ನೀರು ಸೋರದಂತೆ ಒಂದಕ್ಕೊಂದು ಒತ್ತಿ ಜಾರುವ ಕಾರ್ಬನ್ ಮತ್ತು ಸೆರಾಮಿಕ್ ಬಳೆಗಳ ಮೆಕ್ಯಾನಿಕಲ್ ಸೀಲಿರುತ್ತದೆ. ಅದರ ನುಣುಪು ಮುಖಗಳನ್ನು ಬರಿಗೈಯಿಂದ ಮುಟ್ಟಬಾರದು.