ಕಡತ ಕಾಣದಾಗ ಲಾಗ್‌ನ ಕರ್ತವ್ಯ

ಗಣಕದಲ್ಲಿ ನಡೆಯುವ ದೊಡ್ಡ ತಂತ್ರಾಂಶಗಳು ತಾವು ಮಾಡಿದ ಕೆಲಸ, ಎದುರಾದ ದೋಷ, ಅದು ಸಂಭವಿಸಿದ ಹೊತ್ತು ಇವೆಲ್ಲವನ್ನೂ ಸಾಲುಸಾಲಾಗಿ ದಾಖಲಿಸುತ್ತ ಹೋಗುತ್ತವೆ. ಈ ದಾಖಲೆಗೆ ಲಾಗ್ ಎಂದೂ, ಅದನ್ನು ಬರೆಯಲು ನೆರವಾಗುವ ಸಿದ್ಧ ಪ್ರೋಗ್ರಾಮುಗಳ ಸಂಗ್ರಹಕ್ಕೆ ಲಾಗಿಂಗ್ ಲೈಬ್ರರಿ ಎಂದೂ ಹೆಸರು. ಯಾವ ಮಟ್ಟದ ಸಂದೇಶಗಳನ್ನು ದಾಖಲಿಸಬೇಕು, ಅವು ಪರದೆಯ ಮೇಲೆ ಮೂಡಬೇಕೋ ಡಿಸ್ಕಿನಲ್ಲಿ ಉಳಿಯಬೇಕೋ ಎಂಬುದನ್ನು ತಿಳಿಸುವ ಪ್ರತ್ಯೇಕ ಕಡತವೇ ಕಾನ್ಫಿಗರೇಷನ್ ಫೈಲ್. ತಂತ್ರಾಂಶವನ್ನು ಹೊಸ ಸರ್ವರಿಗೆ ಸಾಗಿಸುವಾಗ ಈ ಕಡತ ಹಿಂದೆಯೇ ಉಳಿದುಬಿಡಬಹುದು, ಇಲ್ಲವೇ ಅದರ ಹೆಸರಿನಲ್ಲಿ ಒಂದಕ್ಷರ ತಪ್ಪಬಹುದು. ಆಗ ಲೈಬ್ರರಿ ಏನು ಮಾಡಬೇಕೆಂಬುದು ಸಣ್ಣ ಪ್ರಶ್ನೆಯಂತೆ ಕಂಡರೂ, ದೋಷ ಪತ್ತೆಯ ಕೆಲಸವೆಲ್ಲ ಅದನ್ನೇ ಅವಲಂಬಿಸಿದೆ.

ಜಾವಾ ಭಾಷೆಯ ಲೈಬ್ರರಿಗಳು ಈ ಪ್ರಶ್ನೆಗೆ ಬೇರೆಬೇರೆ ಉತ್ತರ ಕೊಟ್ಟಿವೆ. ಲಾಗ್‌ಫೋರ್‌ಜೆಯ ಮೊದಲ ಆವೃತ್ತಿ, ಸಂದೇಶಗಳನ್ನು ತಲುಪಿಸುವ ಅಪೆಂಡರ್ ಎಂಬ ಘಟಕ ಸಿಗಲಿಲ್ಲವೆಂದು ಒಮ್ಮೆ ಎಚ್ಚರಿಸಿ ಅನಂತರ ಮೌನ ತಾಳುತ್ತಿತ್ತು. ಎರಡನೆಯ ಆವೃತ್ತಿ ನಿಗದಿತ ಹೆಸರುಗಳ ಕಡತಗಳನ್ನು ಒಂದಾದ ಮೇಲೊಂದರಂತೆ ಹುಡುಕಿ, ಯಾವುದೂ ಸಿಗದಿದ್ದರೆ ಎರರ್ ಮತ್ತು ಅದಕ್ಕಿಂತ ಗಂಭೀರವಾದ ಸಂದೇಶಗಳನ್ನಷ್ಟೇ ಪರದೆಗೆ ಕಳುಹಿಸುತ್ತದೆ. ಲಾಗ್‌ಬ್ಯಾಕ್ ಲೈಬ್ರರಿಯಾದರೋ ಅದೇ ಸನ್ನಿವೇಶದಲ್ಲಿ ಡಿಬಗ್ ಮಟ್ಟದ ಸಣ್ಣ ವಿವರಗಳನ್ನೂ ಪರದೆಗೆ ಸುರಿಯುತ್ತದೆ. ಲಾಗ್‌ಫೋರ್‌ಜೆಯ ಕ್ರಮದಲ್ಲಿ ಬೇಕಾದ ಮಾಹಿತಿ ತಪ್ಪಿಹೋಗುವ ಅಪಾಯವಿದ್ದರೆ, ಲಾಗ್‌ಬ್ಯಾಕ್‌ನ ಕ್ರಮದಲ್ಲಿ ಮುಖ್ಯವಾದುದು ರಾಶಿಯೊಳಗೆ ಹೂತುಹೋಗುವ ಅಪಾಯವಿದೆ.

ಪೈಥಾನ್ ಭಾಷೆಯ ಅನುಭವ ಇನ್ನೂ ಬೋಧಪ್ರದವಾದುದು. ಯಾವ ವ್ಯವಸ್ಥೆಯನ್ನೂ ಮಾಡದಿದ್ದಾಗ ವಾರ್ನಿಂಗ್ ಮತ್ತು ಅದಕ್ಕೆ ಮೇಲ್ಪಟ್ಟ ಸಂದೇಶಗಳನ್ನಾದರೂ ಪರದೆಗೆ ತಲುಪಿಸುವ ‘ಕೊನೆಯ ಆಸರೆ’ಯೊಂದನ್ನು 2011ರ 3.2 ಆವೃತ್ತಿಯಲ್ಲಿ ಒದಗಿಸಲಾಯಿತು. ಆದರೆ ಪ್ರೋಗ್ರಾಮರ್ ಹೆಸರಿಸಿದ ಕಡತವೇ ಇಲ್ಲದಿದ್ದಾಗ, ಅದನ್ನು ಓದಬೇಕಾದ ಭಾಗ ಸದ್ದಿಲ್ಲದೆ ಮುಂದೆ ಸಾಗುತ್ತಿತ್ತು. ಬಳಿಕ ಕಡತದೊಳಗಿರಬೇಕಾದ ‘ಫಾರ್ಮ್ಯಾಟರ್ಸ್’ ಎಂಬ ವಿಭಾಗ ಸಿಗಲಿಲ್ಲವೆಂಬ ದೋಷ ಕಾಣಿಸಿಕೊಳ್ಳುತ್ತಿತ್ತು. ಇದನ್ನು ನಂಬಿದವರು, ತಪ್ಪು ಕಡತದ ವಿಳಾಸದಲ್ಲಿದ್ದರೂ, ತಮ್ಮ ಬಳಿಯಿದ್ದ ಕಡತದ ಒಳಗನ್ನೇ ಮತ್ತೆ ಮತ್ತೆ ಪರಿಶೀಲಿಸಬೇಕಾಗುತ್ತಿತ್ತು. 2023ರ 3.12 ಆವೃತ್ತಿಯಿಂದೀಚೆಗೆ ಕಡತವೇ ಇಲ್ಲವೆಂಬ ಮಾತನ್ನು ಪೈಥಾನ್ ನೇರವಾಗಿ ಹೇಳುತ್ತದೆ.

ಇವುಗಳಿಂದ ಹೊರಡುವ ತತ್ತ್ವ ಸ್ಪಷ್ಟವಾಗಿದೆ. ಬಳಸುವವರು ಯಾವ ಕಡತವನ್ನೂ ಹೆಸರಿಸದಿದ್ದರೆ, ಲೈಬ್ರರಿ ಮಿತವಾದ ಪೂರ್ವನಿಗದಿತ ವ್ಯವಸ್ಥೆಯೊಂದಿಗೆ ಕೆಲಸ ಮುಂದುವರಿಸುವುದು ಉಚಿತ. ಇಂಥದೇ ಕಡತ ಬೇಕೆಂದು ಅವರು ಸೂಚಿಸಿದ್ದು ಅದು ಸಿಗದಿದ್ದರೆ, ಎಲ್ಲೆಲ್ಲಿ ಹುಡುಕಲಾಯಿತೆಂಬುದನ್ನು ತಿಳಿಸಿ ಆರಂಭದಲ್ಲೇ ನಿಲ್ಲುವುದು ಲೇಸು. ಅನ್ಯರ ದೋಷಗಳನ್ನು ದಾಖಲಿಸಲೆಂದೇ ಇರುವ ಸಾಧನವು ತನ್ನ ಕೊರತೆಯನ್ನೂ ಅಷ್ಟೇ ಪ್ರಾಮಾಣಿಕವಾಗಿ ದಾಖಲಿಸಿದಾಗ ಮಾತ್ರ ಅದರ ಉಳಿದ ಸಾಲುಗಳು ನಂಬಿಕೆಗೆ ಅರ್ಹವಾಗುತ್ತವೆ.