ಬಾಗಿದ ಬೆನ್ನಿನ ಲೆಕ್ಕ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಉತ್ತರಕ್ಕಿರುವ ಜಿನನಾಥಪುರವನ್ನು ವಾಚಕರಲ್ಲಿ ಕೆಲವರಾದರೂ ಅಲ್ಲಿನ ಶಾಂತಿನಾಥ ಬಸದಿಗಾಗಿ ನೋಡಿರಬಹುದು. ನಾವೂ ವಿದ್ಯಾರ್ಥಿಗಳೊಡನೆ ಹೋದದ್ದು ಆ ಹೊಯ್ಸಳ ಶಿಲ್ಪಗಳಿಗಾಗಿಯೇ. ಆದರೆ ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಊರ ಹೊರಗಿನ ಒಂದು ರಾಗಿಯ ಹೊಲ. ಕೊಯ್ಲು ನಡೆದಿತ್ತು. ಹೆಂಗಸರು ಸಾಲಾಗಿ ಬಗ್ಗಿ, ಕುಡುಗೋಲಿನಿಂದ ಪೈರನ್ನು ಬುಡಕ್ಕೆ ಕೊಯ್ದು, ಹಿಡಿ ಹಿಡಿಯಾಗಿ ಪಕ್ಕಕ್ಕೆ ಹಾಕುತ್ತ ಮುಂದೆ ಸಾಗುತ್ತಿದ್ದರು. ಹೊಲದ ಅಂಚು ಮುಟ್ಟಿದ ಹಿರಿಯರೊಬ್ಬರು ಸೊಂಟಕ್ಕೆ ಕೈಕೊಟ್ಟು ಮೆಲ್ಲನೆ ಎದ್ದರು. ಬಗ್ಗಿ ಬಗ್ಗಿ ನೋಯುವುದಿಲ್ಲವೇ ಅಮ್ಮ, ಎಂದು ಕೇಳಿದೆವು. “ಬಗ್ಗೋದೇನು ಬಿಡಿ ಮೇಷ್ಟ್ರೇ, ಏಳೋದೇ ಕಷ್ಟ” ಎಂದರು. ಆ ಮಾತಿನ ಬೆಲೆ ನಮಗೆ ತಿಳಿದುದು ಆಮೇಲೆ.

ಮೊದಲು ಸನ್ನೆಗೋಲಿನ ಲೆಕ್ಕವನ್ನು ನೋಡೋಣ. ಐವತ್ತು ಕಿಲೋಗ್ರಾಂ ತೂಕದವರಲ್ಲಿ ಸೊಂಟದಿಂದ ಮೇಲಿನ ಭಾಗದ ಭಾರ ಸುಮಾರು 250 ನ್ಯೂಟನ್ ಎಂದಿಟ್ಟುಕೊಳ್ಳೋಣ. ಈ ಭಾಗದ ಗುರುತ್ವಕೇಂದ್ರವು ಬೆನ್ನೆಲುಬಿನ ಬುಡದಿಂದ 25 ಸೆಂಟಿಮೀಟರ್ ಮೇಲಿರಲಿ. ದೇಹವು 60 ಡಿಗ್ರಿ ಮುಂದಕ್ಕೆ ಬಾಗಿದಾಗ ಬುಡದ ಸುತ್ತ ಉಂಟಾಗುವ ಭ್ರಾಮಕವು 54 ನ್ಯೂಟನ್-ಮೀಟರ್. ಇದನ್ನು ಎದುರಿಸಬೇಕಾದ ಬೆನ್ನಿನ ಸ್ನಾಯುಗಳಾದರೋ ಆಧಾರಬಿಂದುವಿನಿಂದ ಕೇವಲ 5 ಸೆಂಟಿಮೀಟರ್ ದೂರದಲ್ಲಿವೆ. ಆದ್ದರಿಂದ ಅವು ಸುಮಾರು 1,080 ನ್ಯೂಟನ್ ಬಲದಿಂದ ಎಳೆಯಬೇಕು. ಕೈಯಲ್ಲಿರುವುದು ಕುಡುಗೋಲೊಂದೇ ಆದರೂ ಬೆನ್ನು ಹೊತ್ತಿರುವುದು ತನ್ನ ಒಡತಿಯ ಎರಡು ಪಟ್ಟಿಗಿಂತ ಹೆಚ್ಚು ತೂಕ! ಬಾಗು 20 ಡಿಗ್ರಿ ಮಾತ್ರವಾಗಿದ್ದರೆ ಈ ಬಲವು 430 ನ್ಯೂಟನ್ನಿಗೆ ಇಳಿಯುತ್ತದೆ. ಕೋನವನ್ನು ಅಳೆಯಬೇಕೆಂಬ ಆತುರಕ್ಕೆ ಇದೇ ಕಾರಣ.

ಕೆಲಸಗಾರರ ಭಂಗಿಯನ್ನು ಹಿಂದೆ ಕಣ್ಣಿನಿಂದ ನೋಡಿ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದರು. ಈಗಲೂ ಹಾಗೆ ಮಾಡುವುದುಂಟು. ಆದರೆ ದಿನವಿಡೀ ಒಬ್ಬರ ಬೆನ್ನನ್ನೇ ನೋಡುತ್ತ ಕೂರುವುದು ಯಾರಿಂದ ಸಾಧ್ಯ? ಈ ಕೆಲಸವನ್ನು ಇಂದು ಮೈಗೆ ಕಟ್ಟಿಕೊಳ್ಳುವ ಪುಟ್ಟ ಚಲನಮಾಪಕಗಳು ಮಾಡುತ್ತವೆ. ಅದೇ ಬಗೆಯ ಮಾಪಕವು ವಾಚಕರ ಮೊಬೈಲ್ ಫೋನಿನಲ್ಲಿಯೂ ಇದೆ. ಅದರೊಳಗೆ, ಕೂದಲಿಗಿಂತ ಸಣ್ಣ ಸಿಲಿಕಾನ್ ಎಳೆಗಳಲ್ಲಿ ತೂಗುವ ಒಂದು ಸೂಕ್ಷ್ಮವಾದ ಬೊಟ್ಟು ಇರುತ್ತದೆ. ಓರೆಯಾದಾಗ ಅದು ಗುರುತ್ವಕ್ಕೆ ಸಿಕ್ಕಿ ಕಿಂಚಿತ್ ಜರುಗುತ್ತದೆ. ಜರುಗಿದಷ್ಟು ವಿದ್ಯುತ್ ಧಾರಕತೆ ಬದಲಾಗುತ್ತದೆ. ಉದ್ದಕ್ಕೆ ಹಿಡಿದಾಗ ಪೂರ್ಣ ಗುರುತ್ವವನ್ನು ತೋರಿಸುವ ಅಕ್ಷವು 60 ಡಿಗ್ರಿ ಬಾಗಿದಾಗ ಸರಿಯಾಗಿ ಅರ್ಧವನ್ನು ತೋರಿಸುತ್ತದೆ. ಮೈ ಅಲುಗಿದರೆ ಇದು ಮೋಸಹೋಗುತ್ತದೆ. ಜೊತೆಗಿರುವ ಗೈರೊಸ್ಕೋಪ್ ತಿರುಗುವ ವೇಗವನ್ನು ಅಳೆದು ತಪ್ಪನ್ನು ತಿದ್ದುತ್ತದೆ. ಆದರೆ ಗೈರೊಸ್ಕೋಪಿನ ಚಿಕ್ಕ ದೋಷಗಳು ಹೊತ್ತು ಕಳೆದಂತೆ ಕೂಡುತ್ತ ಹೋಗುವುದರಿಂದ ಅದನ್ನು ತಿದ್ದಲು ಮೊದಲನೆಯದೇ ಬೇಕು. ಒಂದನ್ನೊಂದು ಕಾಯುವ ಜೋಡಿ ಇದು.

ಫೋನನ್ನು ಮೊದಲು ನಮ್ಮ ಬೆನ್ನಿಗೇ ಕಟ್ಟಿಸಿಕೊಂಡು ಕುಡುಗೋಲು ಹಿಡಿದೆವು. ಹೆಂಗಸರು ನಕ್ಕರು, ಅದಿರಲಿ. ನಮ್ಮ ರೇಖೆ ಗರಗಸದ ಹಲ್ಲಿನಂತೆ ಬಂದಿತು: ಬಗ್ಗುವುದು, ಏಳುವುದು, ಮತ್ತೆ ಬಗ್ಗುವುದು. ಬಳಿಕ ಆ ಹಿರಿಯರೇ ಒಪ್ಪಿ ಕಟ್ಟಿಸಿಕೊಂಡರು. ಅವರ ರೇಖೆ ಮೇಲೇರಿ, ಅಲ್ಲಿಯೇ ಚಪ್ಪಟೆಯಾಗಿ ಹರಿದು, ಸಾಲು ಮುಗಿದಾಗ ಮಾತ್ರ ಕೆಳಗಿಳಿಯಿತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 2000ದಲ್ಲಿ ಹೊರಡಿಸಿದ 11226ನೆಯ ಮಾನಕದಂತೆ, 60 ಡಿಗ್ರಿಗೆ ಮೀರಿದ ಸ್ಥಿರ ಬಾಗು ಸಲ್ಲದು. 20ರಿಂದ 60ರವರೆಗಿನದಕ್ಕೂ, ಆಸರೆಯಿಲ್ಲದಿದ್ದರೆ, ನಿಮಿಷಗಳ ಮಿತಿಯುಂಟು. ರಾಗಿಯ ಹೊಲ ಈ ಮಾನಕವನ್ನು ಓದಿಲ್ಲ.

ಇನ್ನು ಆ ಹಿರಿಯರ ಮಾತಿಗೆ ಬರೋಣ. 1955ರಲ್ಲಿ ಇಂಗ್ಲೆಂಡಿನ ಫ್ಲಾಯ್ಡ್ ಮತ್ತು ಸಿಲ್ವರ್ ಎಂಬವರು ಬೆನ್ನಿನ ಸ್ನಾಯುಗಳ ವಿದ್ಯುತ್ತನ್ನು ಅಳೆದ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಮನುಷ್ಯ ಪೂರ್ತಿಯಾಗಿ ಬಗ್ಗಿದಾಗ ಈ ಸ್ನಾಯುಗಳು ಬಹುಮಟ್ಟಿಗೆ ಸುಮ್ಮನಾಗಿಬಿಡುತ್ತವೆ! ಹಾಗಾದರೆ ಭಾರವನ್ನು ಹೊರುವವರಾರು? ಕಶೇರುಮಣಿಗಳನ್ನು ಬಿಗಿದಿರುವ ರಜ್ಜುಗಳು ಮತ್ತು ಸ್ನಾಯುಗಳ ಸುತ್ತಲಿನ ಪೊರೆಗಳು. ಬಗ್ಗಿದಾಗ ಅಷ್ಟಾಗಿ ಆಯಾಸ ತೋರದಿರಲು ಇದೇ ಕಾರಣವಿರಬೇಕು. ಆದರೆ ರಜ್ಜು ಬಹಳ ಹೊತ್ತು ಜಗ್ಗಿದರೆ ಸ್ವಲ್ಪಸ್ವಲ್ಪವಾಗಿ ನೀಳವಾಗುತ್ತದೆ, ಬಿಟ್ಟೊಡನೆ ಮೊದಲಿನಂತಾಗುವುದಿಲ್ಲ. ಏಳುವಾಗ ಮಲಗಿದ್ದ ಸ್ನಾಯುಗಳು ಒಮ್ಮೆಲೇ ಎಚ್ಚತ್ತು, ಸಡಿಲವಾದ ರಜ್ಜುಗಳ ಪಾಲನ್ನೂ ಹೊರಬೇಕಾಗುತ್ತದೆ. ನಮ್ಮ ಫೋನಿಗೆ ಇದೊಂದೂ ಕಾಣದು. ಅದು ಬಲ್ಲುದು ಕೋನ ಮತ್ತು ಕಾಲ. ಸ್ನಾಯುವಿನ ಸುದ್ದಿಯನ್ನೂ ಕೈಯಲ್ಲಿನ ಹೊರೆಯನ್ನೂ ಅರಿಯದು.

ಹೆಚ್ಚು ಬಗ್ಗಿದೊಡನೆ ಗುಂಯ್‌ಗುಟ್ಟಿ ಎಚ್ಚರಿಸುವ ಮಾಪಕಗಳೂ ಬಂದಿವೆ. ಪೆಟ್ಟಿಗೆ ಎತ್ತುವವನು ಎಚ್ಚರಿಕೆ ಕೇಳಿ ಮೊಣಕಾಲನ್ನು ಮಡಿಸಬಹುದು. ಹುಲ್ಲೂ ಬೇಕೆಂದು ಬುಡಕ್ಕೇ ಕೊಯ್ಯಬೇಕಾದವರು ಏನು ಮಾಡಿಯಾರು? ಅವರ ಕಿವಿಯ ಬಳಿ ದಿನವಿಡೀ ಜೇನು ಕಟ್ಟಿದಂತಾದೀತು, ಅಷ್ಟೇ. ನಮ್ಮ ಅಭಿಪ್ರಾಯದಲ್ಲಿ ಈ ರೇಖೆಯನ್ನು ಮೊದಲು ನೋಡಬೇಕಾದವರು ಉದ್ದ ಹಿಡಿಯ ಉಪಕರಣವನ್ನು ರಚಿಸುವವರು, ಮತ್ತು ಸಾಲಿನ ನಡುವೆ ನಿಲ್ಲಲು ಬಿಡುವು ಕೊಡಬೇಕಾದವರು. ಯಾರು ಎಷ್ಟು ಹೊತ್ತು ನಿಂತರೆಂದು ಕೂಲಿ ಹಿಡಿಯಲು ಅದೇ ರೇಖೆ ಸಾಧನವಾಗಬಾರದೆಂದಿಲ್ಲ. ಆದುದರಿಂದ ಬೆನ್ನು ಯಾರದೋ ರೇಖೆಯೂ ಅವರದಾಗಿರತಕ್ಕದ್ದು.

ಫೋನನ್ನು ಬಿಚ್ಚಿ ಅವರ ರೇಖೆಯನ್ನು ಅವರಿಗೇ ತೋರಿಸಿದೆವು. “ಇದ್ರಾಗೆ ನಾನು ಎದ್ದಿದ್ದು ಎಲ್ಲೈತೆ?” ಎಂದು ಕೇಳಿದರು. ಚಪ್ಪಟೆ ಗೆರೆಯ ಕೊನೆಯಲ್ಲಿ, ನೂಲಿನಷ್ಟು ತೆಳ್ಳಗೆ ಕೆಳಗಿಳಿದಿದ್ದ ಒಂದು ಗೀಟನ್ನು ಬೆರಳಿಟ್ಟು ತೋರಿಸಿದೆವು. “ಇಷ್ಟೇನಾ?” ಎಂದು ಅದನ್ನೇ ನೋಡಿ, ಕುಡುಗೋಲನ್ನು ಎತ್ತಿಕೊಂಡು ಮುಂದಿನ ಸಾಲಿಗೆ ನಡೆದರು.