ಬೆಕ್ಕಿನ ಥೈರಾಯ್ಡ್ ಕಾಯಿಲೆ ಬೆಳಕಿಗೆ ಬಂದ ಬಗೆ

ವಯಸ್ಸಾದ ಬೆಕ್ಕು ಹೊಟ್ಟೆ ತುಂಬ ತಿಂದರೂ ಸೊರಗುತ್ತಿದ್ದರೆ, ಎದೆಬಡಿತ ಏರಿ ಕೂತಲ್ಲಿ ಕೂರದೆ ಚಡಪಡಿಸುತ್ತಿದ್ದರೆ, ಪಶುವೈದ್ಯರು ಇಂದು ಅದರ ಕೊರಳು ಮುಟ್ಟಿ ಥೈರಾಯ್ಡ್ ಗ್ರಂಥಿ ಉಬ್ಬಿದೆಯೇ ಎಂದು ನೋಡುತ್ತಾರೆ. ಗ್ರಂಥಿಯಲ್ಲಿ ಗಂಟು ಬೆಳೆದು ಹಾರ್ಮೋನು ಅತಿಯಾಗಿ ಸ್ರವಿಸುವ ಈ ರೋಗವನ್ನು ನ್ಯೂಯಾರ್ಕಿನ ಅನಿಮಲ್ ಮೆಡಿಕಲ್ ಸೆಂಟರಿನ ಮಾರ್ಕ್ ಪೀಟರ್ಸನ್ ಮತ್ತು ಸಹೋದ್ಯೋಗಿಗಳು ಮೊದಲು ವರದಿ ಮಾಡಿದ್ದು 1979ರಲ್ಲಿ. ಮರುವರ್ಷ ಜೀನ್ ಹೋಲ್ಜ್‌ವರ್ತ್ ಮತ್ತಿತರರು ಇಂಥ 10 ಬೆಕ್ಕುಗಳ ವಿವರ ಪ್ರಕಟಿಸಿದರು. ವಿರಳವೆನಿಸಿದ್ದ ಕಾಯಿಲೆ ಇಂದು ಮುದಿ ಬೆಕ್ಕುಗಳಲ್ಲಿ ಅತಿ ಹೆಚ್ಚು ಕಾಣುವ ಹಾರ್ಮೋನು ರೋಗಗಳಲ್ಲೊಂದು. ಅದು ವೈದ್ಯರ ಹಿಡಿತಕ್ಕೆ ಸಿಕ್ಕ ಕಥೆ ಪೀಟರ್ಸನ್ ಅವರ ಪ್ರಬಂಧಗಳ ಪಟ್ಟಿಯಲ್ಲೇ ಇದೆ. ಆ ಪಟ್ಟಿಯ ಬೆಲೆ ಅದರ ಉದ್ದದಲ್ಲಿಲ್ಲ. ಒಂದು ಪ್ರಬಂಧ ಉಳಿಸಿಹೋದ ಪ್ರಶ್ನೆಯನ್ನು ಮುಂದಿನದು ಕೈಗೆತ್ತಿಕೊಂಡ ಕ್ರಮದಲ್ಲಿದೆ.

1983ರ ಪ್ರಬಂಧ 131 ಬೆಕ್ಕುಗಳ ಲಕ್ಷಣಗಳನ್ನೂ ರಕ್ತಪರೀಕ್ಷೆಯ ಫಲಿತಾಂಶಗಳನ್ನೂ ಒಟ್ಟುಗೂಡಿಸಿತು. ರೋಗದ ಚಹರೆ ತಿಳಿದ ಮೇಲೆ ಏಳುವ ಪ್ರಶ್ನೆ ಚಿಕಿತ್ಸೆಯದು. 1988ರಲ್ಲಿ ಮೆಥಿಮಜೋಲ್ ಕೊಟ್ಟ 262 ಬೆಕ್ಕುಗಳ ವರದಿ ಬಂತು. ಈ ಔಷಧ ಹಾರ್ಮೋನಿನ ಉತ್ಪಾದನೆಯನ್ನು ತಡೆಯುತ್ತದೆ, ಆದರೆ ಗಂಟನ್ನು ಕರಗಿಸುವುದಿಲ್ಲ. ಹಾಗಾಗಿ ದಿನವೂ ಮಾತ್ರೆ ನುಂಗಿಸುತ್ತಲೇ ಇರಬೇಕು. 1995ರ ಪ್ರಬಂಧ ವಿಕಿರಣಶೀಲ ಅಯೋಡಿನ್ ಪಡೆದ 524 ಬೆಕ್ಕುಗಳದು. ಥೈರಾಯ್ಡ್ ಅಯೋಡಿನ್ನನ್ನು ಹೀರಿಕೊಳ್ಳುವ ಗ್ರಂಥಿ. ಅತಿಯಾಗಿ ದುಡಿಯುವ ಗಂಟು ಅದನ್ನು ಹೆಚ್ಚು ಹೀರಿ ನಾಶವಾಗುತ್ತದೆ; ಸುಮ್ಮನಿರುವ ಆರೋಗ್ಯಕರ ಭಾಗ ಬಹುಮಟ್ಟಿಗೆ ಉಳಿಯುತ್ತದೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬೆಕ್ಕುಗಳು ಚೆನ್ನಾಗಿ ಸ್ಪಂದಿಸಿದ್ದವು.

ಆಸ್ಪತ್ರೆಗೆ ಬಂದ ರೋಗಿಗಳನ್ನು ಎಣಿಸುವುದು ವಿಜ್ಞಾನವಾದೀತೇ, ಹೋಲಿಕೆಗೆ ಮತ್ತೊಂದು ಗುಂಪು ಬೇಡವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ 2001ರ ಪ್ರಬಂಧದಲ್ಲಿದೆ. 917 ರೋಗಗ್ರಸ್ತ ಬೆಕ್ಕುಗಳ ಜೊತೆಗೆ ಬೇರೆ ಕಾಯಿಲೆಯ 221 ಬೆಕ್ಕುಗಳನ್ನೂ ಆರೋಗ್ಯವಾಗಿದ್ದ 172 ಬೆಕ್ಕುಗಳನ್ನೂ ಅಲ್ಲಿ ಪರೀಕ್ಷಿಸಲಾಗಿತ್ತು. ಸಾಮಾನ್ಯವಾಗಿ ಅಳೆಯುವ ಒಟ್ಟು ಟಿ-4, ಅಂದರೆ ಥೈರಾಯ್ಡಿನ ಮುಖ್ಯ ಹಾರ್ಮೋನು, ಶೇ 91.3ರಷ್ಟು ರೋಗಿಗಳಲ್ಲಿ ಮಾತ್ರ ಹೆಚ್ಚಿತ್ತು; ರಕ್ತದ ಪ್ರೋಟೀನುಗಳಿಗೆ ಅಂಟದೆ ಉಳಿದ ಮುಕ್ತ ಟಿ-4 ಇನ್ನೂ ಹೆಚ್ಚು ರೋಗಿಗಳನ್ನು ಪತ್ತೆಮಾಡಿತು. ಆದರೆ ಥೈರಾಯ್ಡ್ ತೊಂದರೆಯಿಲ್ಲದ ಕೆಲವು ಬೆಕ್ಕುಗಳಲ್ಲೂ ಅದು ಏರಿತ್ತು. ಒಂದೇ ಸಂಖ್ಯೆಯನ್ನು ನಂಬಿ ರೋಗ ನಿರ್ಧರಿಸಬಾರದು ಎಂಬ ಈ ಎಚ್ಚರಿಕೆ ಬೆರಳೆಣಿಕೆಯ ಬೆಕ್ಕುಗಳಿಂದ ಹೊರಡುವಂಥದ್ದಲ್ಲ. ವರ್ಷಗಟ್ಟಲೆ ಕಡತಗಳನ್ನು ಜತನ ಮಾಡಿದವರಿಗಷ್ಟೇ ಅದನ್ನು ಹೇಳುವ ಅಧಿಕಾರ ದಕ್ಕುತ್ತದೆ.

ಇನ್ನೊಂದು ಆಕ್ಷೇಪವಿದೆ: ರೋಗ ಮೊದಲಿನಿಂದಲೂ ಇತ್ತು, ಹುಡುಕಲು ಕಲಿತದ್ದರಿಂದ ಕಂಡಿತು. ಇದರಲ್ಲಿ ಸತ್ಯಾಂಶವಿದೆ. 1983ರ ಮತ್ತು 1993ರ ರೋಗಿಗಳನ್ನು ಹೋಲಿಸಿದ, ಪೀಟರ್ಸನ್ ಅವರೂ ಪಾಲ್ಗೊಂಡಿದ್ದ ಅಧ್ಯಯನವೊಂದರಲ್ಲಿ ನಂತರದ ಬೆಕ್ಕುಗಳ ಲಕ್ಷಣಗಳು ಸೌಮ್ಯವಾಗಿದ್ದವು. ವೈದ್ಯರು ರೋಗವನ್ನು ಬೇಗ ಗುರುತಿಸತೊಡಗಿದ್ದರು. ಆದರೆ ಉಬ್ಬಿದ ಗ್ರಂಥಿ ಶವಪರೀಕ್ಷೆಯಲ್ಲಿ ಬರಿಗಣ್ಣಿಗೇ ಕಾಣುತ್ತದೆ, ಅದಕ್ಕೆ ರಕ್ತಪರೀಕ್ಷೆ ಬೇಕಿಲ್ಲ. ರೋಗ ಹಿಂದೆಯೂ ಇಷ್ಟೇ ವ್ಯಾಪಕವಾಗಿದ್ದಿದ್ದರೆ ದೊಡ್ಡ ಆಸ್ಪತ್ರೆಗಳ ರೋಗವಿಜ್ಞಾನಿಗಳ ಕಣ್ಣು ತಪ್ಪಿಸುವುದು ಕಷ್ಟವಿತ್ತು. ಪತ್ತೆ ಸುಧಾರಿಸಿದ್ದೂ ನಿಜ, ರೋಗ ಹೆಚ್ಚಿದ್ದೂ ನಿಜ ಎಂದು ತಿಳಿಯುವುದೇ ಹೆಚ್ಚು ಸಮಂಜಸ.

ಹಾಗಾದರೆ ಕಾರಣವೇನು? ಡಬ್ಬಿ ಆಹಾರದ ಮೇಲೆ, ಅಯೋಡಿನ್ ಪ್ರಮಾಣದ ಏರಿಳಿತದ ಮೇಲೆ ಸಂಶಯ ಬಿದ್ದಿದೆ. ಪೀಠೋಪಕರಣಗಳಿಗೆ ಬೆಂಕಿ ತಗುಲದಂತೆ ಸೇರಿಸುತ್ತಿದ್ದ, ಮನೆಯ ಧೂಳಿಗೂ ಬೆರೆಯುವ ಬ್ರೋಮಿನ್‌ಯುಕ್ತ ರಾಸಾಯನಿಕಗಳು 2007ರ ಅಧ್ಯಯನವೊಂದರಲ್ಲಿ ಮನೆಬೆಕ್ಕುಗಳ ರಕ್ತದಲ್ಲಿ ಅಮೆರಿಕದ ವಯಸ್ಕರಿಗಿಂತ ಹತ್ತಾರು ಪಟ್ಟು ಹೆಚ್ಚು ಕಂಡವು. ಆದರೂ ಅವೇ ಕಾರಣ ಎಂಬುದು ಸಾಬೀತಾಗಿಲ್ಲ. 2012ರ ವಿಮರ್ಶಾ ಲೇಖನದಲ್ಲಿ ಪೀಟರ್ಸನ್ ಕೈಗೆತ್ತಿಕೊಂಡದ್ದು ಇದೇ ಪ್ರಶ್ನೆಯನ್ನು: ಈ ಪಿಡುಗಿಗೆ ಕಾರಣವೇನು, ತಡೆಯಬಹುದೇ? ಇಷ್ಟು ವರ್ಷಗಳ ಬಳಿಕವೂ ಮೂಲ ತಿಳಿಯದಿದ್ದರೆ ಈ ಶ್ರಮದ ಫಲವೇನು ಎಂದು ಯಾರಾದರೂ ಕೇಳಬಹುದು. ಮೂಲ ತಿಳಿಯುವ ಮೊದಲೇ ಸಾವಿರಾರು ಪ್ರಾಣಿಗಳು ಗುಣವಾಗಿವೆ. ಆಹಾರ, ಧೂಳು, ನೀರುಗಳಲ್ಲಿ ಕಾರಣ ಹುಡುಕುವ ಮುಂದಿನ ಸಂಶೋಧಕರಿಗೆ ಯಾವ ಬೆಕ್ಕು ರೋಗಿ, ಯಾವುದು ಅಲ್ಲ ಎಂದು ಬೇರ್ಪಡಿಸುವ ದಾರಿ ಸಿಕ್ಕಿದೆ. ಅದೇ ಸೂರಿನಡಿ ಅದೇ ಧೂಳನ್ನು ಉಸಿರಾಡುವ ಮನುಷ್ಯರಿಗೂ ಆ ಹುಡುಕಾಟದ ಉತ್ತರ ಬೇಕಾಗಿದೆ. ಸಂಶೋಧಕರನ್ನು ಪ್ರಬಂಧಗಳ ಸಂಖ್ಯೆಯಿಂದ ತೂಗುವ ಸಂಸ್ಥೆಗಳು, ಒಂದೇ ರೋಗದ ಬೆನ್ನುಹತ್ತಿ ಕಡತಗಳನ್ನು ಕಾಪಿಡುವವರಿಗೆ ಕಾಲಾವಕಾಶವನ್ನೂ ಹಣವನ್ನೂ ಕೊಡಬೇಕು.